ಬೆದರಿಸುವವನ ಬಂಡವಾಳ
(ಪೋಷಕರ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ಕೆನಡಾದ ಅಮಾಂಡಾ ಟಾಡ್ ಎಂಬ ಹದಿನೈದರ ಬಾಲಕಿ 2012ರ ಸೆಪ್ಟೆಂಬರ್‌ನಲ್ಲಿ ಅಂತರ್ಜಾಲಕ್ಕೆ ಒಂದು ವಿಡಿಯೋ ಹಾಕಿದಳು. ಅದರಲ್ಲಿ ಆಕೆ ಮಾತನಾಡುವುದಿಲ್ಲ. ಕೈಬರಹದ ಹಾಳೆಗಳನ್ನು ಒಂದೊಂದಾಗಿ ಕ್ಯಾಮರಾದ ಮುಂದೆ ಹಿಡಿಯುತ್ತಾ ಹೋಗುತ್ತಾಳೆ. ಅಪರಿಚಿತನೊಬ್ಬ ಆಕೆಯನ್ನು ಪುಸಲಾಯಿಸಿ ಚಿತ್ರ ಸೆರೆಹಿಡಿದಿದ್ದ. ಮತ್ತಷ್ಟು ಬೇಕೆಂದು ಬೆದರಿಸಿದ. ಒಪ್ಪದಿದ್ದಾಗ ಚಿತ್ರವನ್ನು ಪರಿಚಿತರಿಗೆಲ್ಲ ರವಾನಿಸಿದ. ಶಾಲೆ ಬದಲಾಯಿಸಿದರೂ ಬೆನ್ನು ಬಿಡಲಿಲ್ಲ. ಅಕ್ಟೋಬರ್ 10ರಂದು ಆಕೆ ಬದುಕನ್ನೇ ಕೊನೆಗೊಳಿಸಿಕೊಂಡಳು. ಅಪರಾಧಿ ನೆದರ್‌ಲ್ಯಾಂಡ್ಸ್‌ನವನು. 2022ರಲ್ಲಿ ಕೆನಡಾದ ನ್ಯಾಯಾಲಯ ಆತನಿಗೆ 13 ವರ್ಷಗಳ ಸೆರೆವಾಸ ವಿಧಿಸಿತು.

ಆದರೆ ಆತ ಇದ್ದುದು ಸಾವಿರಾರು ಮೈಲಿ ದೂರದಲ್ಲಿ. ಶಾಲೆಯಲ್ಲಿ ಆಕೆಯನ್ನು ಹೀಯಾಳಿಸಿದವರು, ಊಟದ ವೇಳೆ ಒಂಟಿಯಾಗಿಸಿದವರು, ಕೊನೆಗೆ ಕೈ ಮಾಡಿದವರು ಆಕೆಯದೇ ಪ್ರಾಯದ ಮಕ್ಕಳು. ಆ ಮಕ್ಕಳ ನೆರವಿಲ್ಲದೆ ಅವನ ಕೃತ್ಯ ಪೂರ್ಣವಾಗುತ್ತಿರಲಿಲ್ಲ.

2022ರ ಜನವರಿಯಲ್ಲಿ ‘ಬುಲ್ಲಿ ಬಾಯಿ’ ಎಂಬ ಆ್ಯಪ್ ಮುಸ್ಲಿಮ್ ಮಹಿಳೆಯರ ಭಾವಚಿತ್ರಗಳನ್ನು ‘ಹರಾಜಿ’ಗಿಟ್ಟಾಗ ನಾವೆಲ್ಲ ಕ್ರೋಧಗೊಂಡೆವು. ಕ್ರೋಧ ನ್ಯಾಯವಾದುದೇ. ಬಂಧಿತರಲ್ಲಿ ಇಪ್ಪತ್ತರ ಆಸುಪಾಸಿನ ವಿದ್ಯಾರ್ಥಿಗಳಿದ್ದರು. ಇಂಥವರನ್ನು ಬೆಳೆಸಿದ ಮನೆ ಯಾವುದು ಎಂದು ನಾವು ಕೇಳಿದೆವು. ಹಾಗಾದರೆ ನಮ್ಮದೇ ಹುಡುಗರು ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಸಹಪಾಠಿ ಹುಡುಗಿಯ ಫೋಟೋ ಹಾಕಿ ನಗುವಾಗ, ದಪ್ಪಗಿರುವ ಹುಡುಗನೊಬ್ಬನಿಗೆ ಅಡ್ಡಹೆಸರಿಟ್ಟು ಅವನನ್ನು ಅಳಿಸುವಾಗ, ಅದು ಕೇವಲ ಹುಡುಗಾಟ ಹೇಗಾಗುತ್ತದೆ? ಮಗಳ ಫೋನನ್ನು ದಿನಕ್ಕೆರಡು ಬಾರಿ ತಪಾಸಣೆ ಮಾಡುವ ನಾವು ಮಗನ ಫೋನನ್ನು ಒಮ್ಮೆಯಾದರೂ ತೆರೆದು ನೋಡಿದ್ದೇವೆಯೇ?

ಇನ್ನು ಬೆದರಿಕೆಗೆ ಸಿಲುಕಿದ ಮಗಳ ಮಾತು. ಅವಳಿಗೆ ಮೊದಲು ನೆನಪಾಗುವುದು ಪೊಲೀಸ್ ಠಾಣೆಯಲ್ಲ, ತಂದೆಯ ಮುಖ. ಹೇಳಿದರೆ ಫೋನ್ ಹೋಗುತ್ತದೆ, ಕಾಲೇಜು ನಿಲ್ಲುತ್ತದೆ, ವರಾನ್ವೇಷಣೆ ಆರಂಭವಾಗುತ್ತದೆ. ತಪ್ಪು ಯಾರದೆಂಬ ವಿಚಾರಣೆಯೇ ನಡೆಯುವುದಿಲ್ಲ. ಬೆದರಿಸುವವನೂ ಇದನ್ನು ಬಲ್ಲ. “ನಿನ್ನಪ್ಪನಿಗೆ ಕಳುಹಿಸುತ್ತೇನೆ” ಎಂಬ ಒಂದೇ ಮಾತು ಅವನ ಬಂಡವಾಳ. ಆ ಬಂಡವಾಳವನ್ನು ಅವನಿಗೆ ಒದಗಿಸಿದವರು ನಾವು.

ಹೇಳಲಾಗದ ಮಗು ಊಟ ಬಿಡುತ್ತದೆ, ನಿದ್ದೆಗೆಡುತ್ತದೆ, ಶಾಲೆಗೆ ಹೋಗಲೊಲ್ಲೆನೆನ್ನುತ್ತದೆ. ದೃಷ್ಟಿ ತಾಗಿದೆಯೆಂದು ನಾವು ಮಂತ್ರಿಸಿದ ನೂಲು ತರುತ್ತೇವೆ. ಮದ್ರಸದ ಚಾಪೆಯ ಮೇಲೆ ಕುಳಿತು ಕಲಿತ ನಾವೇ ಇದನ್ನು ಹೇಳುತ್ತಿದ್ದೇವೆ: ಖಿನ್ನತೆಗೆ ನೂಲು ಔಷಧಿಯಲ್ಲ. ಮನೋವೈದ್ಯರ ಬಳಿಗೆ ಹೋಗುವುದು ಹುಚ್ಚಿನ ಪ್ರಮಾಣಪತ್ರವೂ ಅಲ್ಲ. 14416ಕ್ಕೆ ಕರೆ ಮಾಡಿದರೆ ಸರಕಾರದ ‘ಟೆಲಿ ಮಾನಸ್’ ಸೇವೆಯಲ್ಲಿ ಕನ್ನಡದಲ್ಲಿಯೇ ಉಚಿತವಾಗಿ ಆಪ್ತಸಲಹೆ ದೊರೆಯುತ್ತದೆ.

ಮರ್ಯಾದೆಯ ಭಯವಿದ್ದವರು 2012ರ ಪೋಕ್ಸೋ ಕಾಯ್ದೆಯನ್ನು ಒಮ್ಮೆ ಓದಬೇಕು. ಹದಿನೆಂಟು ತುಂಬದ ಮಕ್ಕಳ ಅಶ್ಲೀಲ ಚಿತ್ರವನ್ನು ಬಹಿರಂಗಪಡಿಸುವುದಾಗಿ ಬೆದರಿಸುವುದು ಅದರಡಿ ಲೈಂಗಿಕ ಕಿರುಕುಳವೇ. ಮಗುವಿನ ಹೇಳಿಕೆಯನ್ನು ಮನೆಯಲ್ಲಿಯೇ ಪಡೆಯಬಹುದು. ಹೇಳಿಕೆ ಪಡೆಯುವ ಅಧಿಕಾರಿ ಸಮವಸ್ತ್ರ ಧರಿಸಿರಬಾರದು, ಸಾಧ್ಯವಾದಷ್ಟೂ ಮಹಿಳೆಯೇ ಆಗಿರಬೇಕು. ಮಾಧ್ಯಮಗಳು ಹೆಸರು, ವಿಳಾಸ, ಶಾಲೆ ಯಾವುದನ್ನೂ ಪ್ರಕಟಿಸುವಂತಿಲ್ಲ. ಪತ್ರಕರ್ತರಾದ ನಮಗೂ ಅದು ಅನ್ವಯಿಸುತ್ತದೆ. ಠಾಣೆಯ ಮೆಟ್ಟಿಲೇರಲು ಹಿಂಜರಿಯುವವರಿಗೆ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್ ಇದೆ. ಮಹಿಳೆಯರು ಮತ್ತು ಮಕ್ಕಳ ವಿರುದ್ಧದ ಇಂಥ ಅಪರಾಧಗಳನ್ನು ಹೆಸರು ಹೇಳದೆಯೂ ಅಲ್ಲಿ ವರದಿ ಮಾಡಬಹುದು.

ಮಗಳು ಬಂದು ಹೇಳಿಕೊಂಡ ಸಂಜೆ ಗಾಬರಿಯಲ್ಲಿ ಎಲ್ಲವನ್ನೂ ಅಳಿಸಿಹಾಕುವ ತಂದೆತಾಯಂದಿರಿದ್ದಾರೆ. ಅಳಿಸಬೇಡಿ. ಆ ಸಂದೇಶಗಳು, ಬಂದ ಸಂಖ್ಯೆ, ದಿನಾಂಕ ಇವೇ ಸಾಕ್ಷ್ಯ. ಫೋನನ್ನು ಕಸಿದುಕೊಳ್ಳದೆ ಅವಳ ಪಕ್ಕದಲ್ಲಿ ಕುಳಿತು, ಅವಳೊಂದಿಗೇ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಬೈಯಲೇಬೇಕೆನಿಸಿದರೆ ಬೈಗುಳಕ್ಕೆ ಅರ್ಹನಾದವನು ಆ ಸಂಖ್ಯೆಯ ಆಚೆಗಿದ್ದಾನೆ.