ಅಂಗೈಯ ಯಂತ್ರದೊಳಗಿನ ದುಭಾಷಿ



ಗೋಕುಳ ಶಿರಗಾಂವದ ಕಾರಖಾನೆಗಳ ನೆರೆಯಲ್ಲಿ ಬಾಳುವ ನಮಗೆ ಫೌಂಡ್ರಿಯ ಒಂದು ನಿಯಮ ಗೊತ್ತು: ಯಾವ ಎರಕಕ್ಕೆ ಯಾವ ಅಚ್ಚು ಎಂಬುದನ್ನು ಲೋಹ ಕರಗುವ ಮೊದಲೇ ನಿಶ್ಚಯಿಸಬೇಕು. ಮೊಬೈಲ್ ಫೋನಿನ ತಂತ್ರಾಂಶಕ್ಕೂ ಅಂಥದೊಂದು ನಿಶ್ಚಯವುಂಟು. ಅದನ್ನು ಕುರಿತು ಕೆಲವು ಮಾತುಗಳನ್ನು ಅರಿಕೆ ಮಾಡಿಕೊಳ್ಳುತ್ತೇವೆ.

ಫೋನುಗಳೊಳಗಿನ ಚಿಪ್‌ಗಳು ಹಲವು ಬಗೆ. ಒಂದರ ಭಾಷೆ ಇನ್ನೊಂದಕ್ಕೆ ತಿಳಿಯದು. ಒಂದೇ ತಂತ್ರಾಂಶ ಎಲ್ಲದರಲ್ಲೂ ನಡೆಯಬೇಕಾದರೆ ನಡುವೆ ದುಭಾಷಿಯೊಬ್ಬ ಬೇಕು. ಅವನೇ ವರ್ಚುವಲ್ ಮಷೀನ್. ಕನ್ನಡ, ಮರಾಠಿಗಳ ನಡುವೆ ಬದುಕುವ ನಮಗೆ ದುಭಾಷಿಯ ಕೆಲಸವನ್ನು ವಿವರಿಸಬೇಕಾಗಿಲ್ಲ.

ಆ ದುಭಾಷಿ ಲೆಕ್ಕವನ್ನು ಹೇಗೆ ಇಟ್ಟುಕೊಳ್ಳಬೇಕು? ಇದು ಮೊದಲ ಪ್ರಶ್ನೆ. ಜಾವಾದ ರೀತಿ ತಟ್ಟೆಗಳ ರಾಶಿಯಂಥದು. ಕೈಗೆ ಸಿಗುವುದು ಮೇಲಿನ ತಟ್ಟೆ ಮಾತ್ರ. ಎರಡು ಸಂಖ್ಯೆಗಳನ್ನು ಕೂಡಿಸಲು ಇಡು, ಇಡು, ಕೂಡಿಸು, ತೆಗೆದಿರಿಸು ಎಂದು ನಾಲ್ಕು ಆದೇಶಗಳು ಬೇಕು. ಆದರೆ ಒಂದೊಂದು ಆದೇಶವೂ ಚಿಕ್ಕದು. ಸನ್ ಸಂಸ್ಥೆಯ ಕೆವಿಎಂ ಕೆಲವೇ ನೂರು ಕಿಲೋಬೈಟು ಮೆಮೊರಿಯ ಫೋನುಗಳಲ್ಲಿ ನಡೆದದ್ದು ಈ ರೀತಿಯಲ್ಲಿಯೇ. ಆಂಡ್ರಾಯ್ಡ್‌ಗಾಗಿ ಡ್ಯಾನ್ ಬೋರ್ನ್‌ಸ್ಟೈನ್ ರಚಿಸಿ, ಐಸ್‌ಲ್ಯಾಂಡಿನ ಮೀನುಗಾರರ ಊರೊಂದರ ಹೆಸರಿಟ್ಟ ಡಾಲ್ವಿಕ್ ಬೇರೆ ದಾರಿ ಹಿಡಿಯಿತು. ಅಲ್ಲಿ ಸಂಖ್ಯೆ ಬರೆದ ಗೂಡುಗಳಿವೆ. ಮೂರರದನ್ನೂ ನಾಲ್ಕರದನ್ನೂ ಕೂಡಿಸಿ ಐದರಲ್ಲಿಡು ಎಂದರೆ ಒಂದೇ ಆದೇಶದಲ್ಲಿ ಕೆಲಸ ಮುಗಿಯಿತು. ಈ ಎರಡು ರೀತಿಗಳನ್ನು ಹೋಲಿಸಿದ 2005ರ ಅಧ್ಯಯನವೊಂದರಲ್ಲಿ, ಗೂಡಿನ ರೀತಿಗೆ ನಡೆಸಬೇಕಾದ ಆದೇಶಗಳು ಸರಾಸರಿ ಶೇ. 47ರಷ್ಟು ಕಡಿಮೆಯಾದವು, ಬರೆದಿಡುವ ಸಂಕೇತ ಮಾತ್ರ ಶೇ. 25ರಷ್ಟು ಹಿಗ್ಗಿತು.

ಎರಡನೆಯ ಪ್ರಶ್ನೆ, ಅನುವಾದ ಯಾವಾಗ ಆಗಬೇಕು? ಆರಂಭದ ಡಾಲ್ವಿಕ್ ಪ್ರತಿ ಸಲವೂ ಸಾಲು ಸಾಲಾಗಿ ಅರ್ಥ ಹೇಳುತ್ತಿತ್ತು. 2010ರ 2.2 ಆವೃತ್ತಿಯಲ್ಲಿ, ಮತ್ತೆ ಮತ್ತೆ ಬರುವ ಭಾಗಗಳನ್ನು ನಡೆಯುವಾಗಲೇ ಚಿಪ್‌ನ ಭಾಷೆಗೆ ತಿರುಗಿಸಿಟ್ಟುಕೊಳ್ಳುವ ಏರ್ಪಾಡಾಯಿತು. 2014ರ 5.0 ಆವೃತ್ತಿಯಲ್ಲಿ ಡಾಲ್ವಿಕ್‌ನ ಸ್ಥಾನಕ್ಕೆ ಬಂದ ಎಆರ್‌ಟಿ, ತಂತ್ರಾಂಶವನ್ನು ಫೋನಿಗೆ ಹಾಕುವಾಗಲೇ ಅನುವಾದಿಸಿಬಿಡುತ್ತಿತ್ತು. ಓಟ ಚುರುಕಾಯಿತು, ಆದರೆ ಹಾಕಲು ಹೊತ್ತು ಹಿಡಿಯಿತು, ಜಾಗವೂ ಹೆಚ್ಚು ಬೇಕಾಯಿತು. 2016ರ 7.0 ಆವೃತ್ತಿ ಎರಡನ್ನೂ ಬೆಸೆಯಿತು: ಹೆಚ್ಚು ಬಳಕೆಯಾಗುವ ಭಾಗಗಳನ್ನು ಗುರುತಿಸಿಟ್ಟುಕೊಂಡು, ಫೋನು ಚಾರ್ಜಿಗೆ ಹಚ್ಚಿ ಸುಮ್ಮನಿರುವಾಗ ಅನುವಾದಿಸುತ್ತದೆ.

ಒಮ್ಮೆ ಮೆಮೊರಿ, ಒಮ್ಮೆ ವೇಗ, ಒಮ್ಮೆ ಜಾಗ: ಯಾವುದಕ್ಕೆ ಕೊರತೆಯೋ ಅದನ್ನು ನೋಡಿಯೇ ಆಯ್ಕೆ ಬದಲಾಗಿದೆ. ತಂದೆ ಪಾಳಿ ಮುಗಿಸಿ ಬಂದ ಮೇಲೆಯೇ ಮಗುವಿನ ಕೈಗೆ ಫೋನು ಸಿಗುವ ಮನೆಗಳು ನಮ್ಮಲ್ಲಿ ಅನೇಕ. ಆ ಹಳೆಯ ಫೋನಿನಲ್ಲಿ ಪಾಠದ ತಂತ್ರಾಂಶ ತೆರೆಯದೆ ನಿಂತರೆ, ಆ ಸಂಜೆ ಆ ಮಗುವಿಗೆ ಕನ್ನಡ ಪಾಠವಿಲ್ಲ. ಆದುದರಿಂದ ತಂತ್ರಾಂಶ ಕ್ಷೇತ್ರದಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ: ನೀವು ರಚಿಸಿದ್ದನ್ನು ಈ ಶಾಲೆಯ ಮಕ್ಕಳ ಮನೆಗಳಲ್ಲಿರುವ ಅತಿ ಅಗ್ಗದ ಫೋನಿನಲ್ಲಿ ಮೊದಲು ನಡೆಸಿ ನೋಡಿರಿ.