ಅಪರೂಪದ ಮರ, ಹಿಡಿ ಮಣ್ಣು
(ಸುವರ್ಣ ಮಹೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಇದೇ ಶಾಲೆಯಲ್ಲಿ ಕಲಿತ ನಾನು ಈಗ ಔಷಧ ವಿಜ್ಞಾನದ ಪಾಠ ಹೇಳುತ್ತೇನೆ. ಇವತ್ತು ಕ್ಯಾನ್ಸರಿನ ಎರಡು ಮದ್ದುಗಳ ವಿಷಯ ತಿಳಿಸುತ್ತೇನೆ. ಒಂದು ಮರದ್ದು, ಇನ್ನೊಂದು ಮಣ್ಣಿನದು.

ಪೈನ್, ದೇವದಾರುಗಳ ಬಳಗಕ್ಕೆ ಸೇರಿದ ಯೂ ಮರ ನಮ್ಮ ಸೀಮೆಯಲ್ಲಿಲ್ಲ. ಹಿಮಾಲಯದಲ್ಲಿದೆ, ಅಮೆರಿಕದ ಪಶ್ಚಿಮದ ಕಾಡುಗಳಲ್ಲಿದೆ. ಆ ಕಾಡಿನಿಂದ 1962ರಲ್ಲಿ ತಂದ ತೊಗಟೆಯೇ ಮೊದಲು. ಮನ್ರೋ ವಾಲ್ ಮತ್ತು ನಮ್ಮ ದೇಶದಲ್ಲಿ ಹುಟ್ಟಿದ ಮನ್ಸುಖ್ ವಾನಿ ತೊಗಟೆಯಿಂದ ಟ್ಯಾಕ್ಸಾಲ್ ಬೇರ್ಪಡಿಸಿ, 1971ರಲ್ಲಿ ಅದರ ರಚನೆ ಪ್ರಕಟಿಸಿದರು. 1992ರಲ್ಲಿ ಅಮೆರಿಕದಲ್ಲಿ ಅಂಡಾಶಯದ ಕ್ಯಾನ್ಸರಿಗೆ ಅದನ್ನು ಕೊಡಲು ಅನುಮತಿ ಸಿಕ್ಕಿತು.

ಅದರ ಕೆಲಸ ಹೀಗೆ. ಜೀವಕೋಶ ಎರಡಾಗುವಾಗ ಒಳಗೆ ಸಣ್ಣ ನಾಳಗಳ ಚಪ್ಪರ ಹಾಕಿಕೊಳ್ಳುತ್ತದೆ, ಕೆಲಸ ಮುಗಿದೊಡನೆ ಬಿಚ್ಚುತ್ತದೆ. ಟ್ಯಾಕ್ಸಾಲ್ ಆ ಚಪ್ಪರ ಬಿಚ್ಚದಂತೆ ಬಿಗಿಯುತ್ತದೆ. ಕೋಶ ಅಲ್ಲೇ ಸಿಕ್ಕಿಕೊಂಡು ಸಾಯುತ್ತದೆ.

ಆದರೆ ತೊಗಟೆ ಸುಲಿದರೆ ಮರವೇ ಸಾಯುತ್ತದೆ. ನೂರು ವರ್ಷದ ಮರದಿಂದ ಸಿಗುತ್ತಿದ್ದುದು ಒಬ್ಬರಿಗೆ ಸುಮಾರು ಒಂದು ಸಲ ಕೊಡುವಷ್ಟು ಮದ್ದು. ರೋಗಿ ಉಳಿಯಬೇಕೋ, ಮರ ಉಳಿಯಬೇಕೋ ಎಂಬ ಪ್ರಶ್ನೆ ಎದ್ದಿತು. ಬೇರೆ ಯೂ ಜಾತಿಯ ಎಲೆಗಳಿಂದ ಮದ್ದು ತಯಾರಿಸುವ ವಿಧಾನ ಬಂದ ಮೇಲೆ ಮರ ಕಡಿಯದೆ ದಾರಿಯಾಯಿತು.

ಮಣ್ಣಿನ ಕಥೆ ಬೇರೆ. ಆಫ್ರಿಕಾದ ಜಾಂಬೆಜಿ ನದಿಯ ದಡದ ಮಣ್ಣಿನಲ್ಲಿ ಸೊರಾಂಜಿಯಂ ಎಂಬ ಬ್ಯಾಕ್ಟೀರಿಯಾ ಸಿಕ್ಕಿತು. ಅದು ತಯಾರಿಸುವ ಎಪೊಥಿಲೋನ್ ಎಂಬ ವಸ್ತುವನ್ನು ಜರ್ಮನಿಯ ವಿಜ್ಞಾನಿಗಳು ಗುರುತಿಸಿದರು. ಅದೂ ಅದೇ ಚಪ್ಪರವನ್ನೇ ಬಿಗಿಯುತ್ತದೆ ಎಂದು 1995ರಲ್ಲಿ ತಿಳಿಯಿತು. ಅದರಿಂದ ರೂಪಿಸಿದ ಮದ್ದಿಗೆ 2007ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಟ್ಯಾಕ್ಸಾಲ್‌ಗೆ ಬಗ್ಗದ ಸ್ತನ ಕ್ಯಾನ್ಸರಿಗೂ ಅದನ್ನು ಕೊಡುತ್ತಾರೆ. ಈ ಬ್ಯಾಕ್ಟೀರಿಯಾವನ್ನು ಪಾತ್ರೆಯಲ್ಲಿ ಬೆಳೆಸಬಹುದು, ಕಾಡಿಗೆ ಕೊಡಲಿ ಬೇಕಿಲ್ಲ.

ಎರಡರಲ್ಲಿ ಯಾವುದು ದೊಡ್ಡದು ಎಂದು ಮಕ್ಕಳು ಕೇಳುತ್ತಾರೆ. ಟ್ಯಾಕ್ಸಾಲ್‌ನಂತೆ ಕೆಲಸ ಮಾಡುವ ವಸ್ತು ಬೇರೆಲ್ಲಾದರೂ ಇದೆಯೇ ಎಂದು ಹುಡುಕಿದ್ದರಿಂದಲೇ ಈ ಗುಣ ಬೆಳಕಿಗೆ ಬಂತು. ಮರ ಗುರುತು ಹೇಳಿತು, ಮಣ್ಣು ಓಗೊಟ್ಟಿತು. ಹುಡುಕುವ ಮೊದಲೇ ಎರಡರಲ್ಲಿ ಒಂದು ನಾಶವಾಗಿದ್ದರೆ?

ತಾಯಂದಿರಲ್ಲಿ ಒಂದು ಮಾತು. ಎದೆಯಲ್ಲಿ ಗಂಟು ಕಂಡರೆ ನಾಚಿಕೊಂಡು ಮುಚ್ಚಿಡಬೇಡಿ. ಎಂಥ ಮದ್ದಾದರೂ ಬೇಗ ಬಂದವರಿಗೇ ಹೆಚ್ಚು ನೆರವಾಗುತ್ತದೆ.

ಹೇಮಾವತಿ ದಡದಲ್ಲಿ, ನಮ್ಮ ಆಲೂಗಡ್ಡೆ ಹೊಲದಲ್ಲಿ, ತೆಂಗಿನ ತೋಟದಲ್ಲಿ ಹಿಡಿ ಮಣ್ಣು ತೆಗೆದರೆ ಕೋಟಿಗಟ್ಟಲೆ ಜೀವಿಗಳಿವೆ. ಅವುಗಳನ್ನು ನೋಡುವ ಕಣ್ಣು ಈ ಶಾಲೆಯಲ್ಲೇ ತೆರೆಯಲಿ. ಹಳೆಯ ವಿದ್ಯಾರ್ಥಿಗಳಾದ ನಾವು ಕಾಣಿಕೆ ಕೊಡುವುದಾದರೆ ಮಕ್ಕಳಿಗೆ ಒಳ್ಳೆಯದೊಂದು ಸೂಕ್ಷ್ಮದರ್ಶಕ ಕೊಡೋಣ. ನನ್ನ ಪಾಲು ನಾನು ಇಂದೇ ಕೊಡುತ್ತೇನೆ.