ಕ್ರೆಡಿಟ್ ಕಾರ್ಡು ಕೈಗೆ ಬರುವ ಮುನ್ನ

ದಿನಸಿ ಅಂಗಡಿಗಳಲ್ಲಿ ‘ಇಂದು ನಗದು, ನಾಳೆ ಉದ್ರಿ’ ಎಂಬ ಬೋರ್ಡನ್ನು ನೀವು ನೋಡಿರಬಹುದು. ನಾಳೆ ಹೋದರೂ ಅದೇ ಬೋರ್ಡು ಅಲ್ಲೇ ಇರುತ್ತದೆ! ಆದರೂ ಆ ಬೋರ್ಡಿನ ಕೆಳಗೆ, ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ, ಉದ್ದನೆಯ ಒಂದು ಉದ್ರಿ ಪುಸ್ತಕ ಇದ್ದೇ ಇರುತ್ತಿತ್ತು. ಪರಿಚಯದ ಮನೆಯವರು ತಿಂಗಳಿಡೀ ಸಾಮಾನು ತಂದು, ಸಂಬಳವಾದ ದಿನ ಲೆಕ್ಕ ಚುಕ್ತಾ ಮಾಡುತ್ತಿದ್ದರು. ಅಂಗಡಿಯವರು ಅದಕ್ಕೆ ಸಾಮಾನ್ಯವಾಗಿ ಬಡ್ಡಿ ಹಾಕುತ್ತಿರಲಿಲ್ಲ.

ಕ್ರೆಡಿಟ್ ಕಾರ್ಡು ಎಂಬುದು ಮೂಲತಃ ಈ ಉದ್ರಿ ಪುಸ್ತಕವೇ. 1950ರಲ್ಲಿ ನ್ಯೂಯಾರ್ಕಿನಲ್ಲಿ ಡೈನರ್ಸ್ ಕ್ಲಬ್ ಕಾರ್ಡು ಬಂದಾಗ ಹೋಟೆಲುಗಳಲ್ಲಿ ಊಟ ಮಾಡಿ, ತಿಂಗಳ ಕೊನೆಗೆ ಪೂರ್ತಿ ಹಣ ಕಟ್ಟಬೇಕಾಗಿತ್ತು. ನಮ್ಮ ದೇಶದಲ್ಲಿ 1980ರಲ್ಲಿ ಸೆಂಟ್ರಲ್ ಬ್ಯಾಂಕ್ ಆಫ್ ಇಂಡಿಯಾ ತನ್ನ ಕಾರ್ಡನ್ನು ಹೊರತಂದಿತು. ಉಳಿದ ಬಾಕಿಯನ್ನು ಮುಂದಿನ ತಿಂಗಳಿಗೆ ತಳ್ಳಬಹುದು, ಅದಕ್ಕೆ ಬಡ್ಡಿ ಕೊಟ್ಟರಾಯಿತು ಎಂಬ ಏರ್ಪಾಡು ಸೇರಿಕೊಂಡ ಮೇಲೆ ಉದ್ರಿ ಪುಸ್ತಕ ಸಾಲಪತ್ರವಾಯಿತು. ಈ ದಿನ ನಾನು ನಿಮ್ಮೊಡನೆ ಮುಖ್ಯವಾಗಿ ಮಾತನಾಡಬೇಕೆಂದಿರುವುದು ಈ ಏರ್ಪಾಡಿನ ಬಗೆಗೇ.

ಮೊದಲು ಒಂದು ಸಣ್ಣ ವಿಷಯ ಸ್ಪಷ್ಟಪಡಿಸುತ್ತೇನೆ. ಡೆಬಿಟ್ ಕಾರ್ಡು ನಿಮ್ಮ ಖಾತೆಯ ಹಣವನ್ನೇ ತೆಗೆಯುತ್ತದೆ. ಕ್ರೆಡಿಟ್ ಕಾರ್ಡಿನಲ್ಲಿ ಖರ್ಚಾಗುವುದು ಬ್ಯಾಂಕಿನ ಹಣ. ನೋಡಲು ಎರಡೂ ಒಂದೇ ಬಗೆಯ ತುಂಡುಗಳು, ಗೊಂದಲ ಸಹಜ. ಹದಿನೆಂಟು ತುಂಬದವರು ಸಾಲದ ಕರಾರು ಮಾಡುವಂತಿಲ್ಲವಾದ್ದರಿಂದ ಶಾಲಾ ವಿದ್ಯಾರ್ಥಿಗಳಿಗೆ ಸ್ವಂತ ಕಾರ್ಡು ಸಿಗುವುದಿಲ್ಲ. ಕಾಲೇಜಿನವರಿಗೆ ಠೇವಣಿಯ ಆಧಾರದ ಮೇಲೆಯೋ, ತಂದೆತಾಯಿಯರ ಕಾರ್ಡಿಗೆ ಜೋಡಿಸಿದ ಹೆಚ್ಚುವರಿ ಕಾರ್ಡಾಗಿಯೋ ಅದು ಬರಬಹುದು. ಹೆಚ್ಚುವರಿ ಕಾರ್ಡಿನಲ್ಲಿ ನೀವು ಮಾಡಿದ ಖರ್ಚಿಗೆ ಉತ್ತರ ಹೇಳಬೇಕಾದವರು ಅಪ್ಪನೋ ಅಮ್ಮನೋ ಎಂಬುದು ನೆನಪಿರಲಿ.

ಈಗ ಲೆಕ್ಕಕ್ಕೆ ಬರೋಣ. ಪೆನ್ಸಿಲು ತೆಗೆದುಕೊಂಡರೆ ಒಳ್ಳೆಯದು.

ನಿಮ್ಮ ಕಾರ್ಡಿನ ಬಿಲ್ಲು ಪ್ರತಿ ತಿಂಗಳ 5ನೇ ತಾರೀಖು ತಯಾರಾಗುತ್ತದೆ, ಹಣ ಕಟ್ಟಲು 25ನೇ ತಾರೀಖು ಕೊನೆಯ ದಿನ ಎಂದಿಟ್ಟುಕೊಳ್ಳಿ. ಜೂನ್ 6ರಂದು ಪುಸ್ತಕ ಕೊಂಡರೆ ಅದು ಜುಲೈ 5ರ ಬಿಲ್ಲಿಗೆ ಸೇರಿ, ಜುಲೈ 25ರವರೆಗೆ, ಅಂದರೆ 49 ದಿನ, ಬಡ್ಡಿಯಿಲ್ಲದೆ ಹಣ ನಿಮ್ಮ ಕೈಯಲ್ಲಿರುತ್ತದೆ. ಅದೇ ಪುಸ್ತಕವನ್ನು ಜೂನ್ 4ರಂದು ಕೊಂಡರೆ 21 ದಿನ ಮಾತ್ರ. ಇಷ್ಟನ್ನು ತಿಳಿದು, ಪ್ರತಿ ತಿಂಗಳೂ ಬಿಲ್ಲಿನ ಪೂರ್ತಿ ಹಣವನ್ನು ಕಟ್ಟುವವರಿಗೆ ಕಾರ್ಡು ನಿಜವಾಗಿ ಅನುಕೂಲದ ವಸ್ತುವೇ. ಅದನ್ನು ಭೂತವೆಂದು ಹೆದರಿಸಲು ನಾನು ಬಂದಿಲ್ಲ.

ಆದರೆ ಬಿಲ್ಲಿನಲ್ಲಿ ಎರಡು ಮೊತ್ತಗಳು ಇರುತ್ತವೆ. ಒಂದು ‘ಒಟ್ಟು ಬಾಕಿ’, ಇನ್ನೊಂದು ‘ಕಟ್ಟಬೇಕಾದ ಕನಿಷ್ಠ ಮೊತ್ತ’. ಒಟ್ಟು ಬಾಕಿ 20,000 ರೂಪಾಯಿ, ಕನಿಷ್ಠ ಮೊತ್ತ ಶೇಕಡಾ 5, ಅಂದರೆ 1,000 ರೂಪಾಯಿ ಎನ್ನೋಣ. ಸಾವಿರ ಕಟ್ಟಿದಿರಿ. ಬ್ಯಾಂಕಿನವರು ದಂಡ ಹಾಕುವುದಿಲ್ಲ, ಫೋನು ಮಾಡುವುದಿಲ್ಲ. ಎಲ್ಲವೂ ಸರಿಯಿದೆ ಎನಿಸುತ್ತದೆ. ಉಳಿದ 19,000ಕ್ಕೆ ತಿಂಗಳಿಗೆ ಶೇಕಡಾ 3.5ರ ಬಡ್ಡಿ 665 ರೂಪಾಯಿ. ಆ ಬಡ್ಡಿಯ ಮೇಲೆ ಶೇಕಡಾ 18ರ ಜಿಎಸ್‌ಟಿ ಸುಮಾರು 120 ರೂಪಾಯಿ. ಮುಂದಿನ ಬಿಲ್ಲಿನಲ್ಲಿ ಬಾಕಿ ಎಷ್ಟು? 19,785! ನೀವು ಕೊಟ್ಟದ್ದು ಸಾವಿರ, ಸಾಲ ಇಳಿದದ್ದು 215 ರೂಪಾಯಿ.

ಇದು ಬ್ಯಾಂಕಿಗೆ ಅನುಕೂಲವಾಗುವಂತೆ ಮಾಡಿದ ಲೆಕ್ಕವಲ್ಲ, ನಿಮ್ಮ ಕಡೆಗೇ ಸ್ವಲ್ಪ ವಾಲಿದ ಲೆಕ್ಕ. ವಾಸ್ತವದಲ್ಲಿ ಪೂರ್ತಿ ಹಣ ಕಟ್ಟದಿದ್ದರೆ ಬಡ್ಡಿಯನ್ನು ನೀವು ವಸ್ತು ಕೊಂಡ ದಿನದಿಂದಲೇ ಎಣಿಸುತ್ತಾರೆ. ಆಗ ಹೇಳಿದ 49 ದಿನಗಳ ರಿಯಾಯಿತಿ ಅಲ್ಲಿಗೆ ಮುಗಿಯಿತು. ಬಾಕಿ ತೀರುವವರೆಗೆ ಹೊಸದಾಗಿ ಕೊಂಡ ಒಂದು ಜೊತೆ ಚಪ್ಪಲಿಗೂ ಮೊದಲ ದಿನದಿಂದಲೇ ಬಡ್ಡಿ. ತಿಂಗಳಿಗೆ ಮೂರೂವರೆ ಎಂದರೆ ಸಣ್ಣದಾಗಿ ಕೇಳಿಸುತ್ತದೆ, ವರ್ಷಕ್ಕೆ ಅದು 42. ಈ ಕಾರ್ಡಿನಿಂದ ಎಟಿಎಂನಲ್ಲಿ ನಗದು ತೆಗೆದರಂತೂ ಶುಲ್ಕ ಬೇರೆ, ಬಡ್ಡಿ ಅದೇ ದಿನದಿಂದ. ಕನಿಷ್ಠ ಮೊತ್ತವನ್ನಷ್ಟೇ ಕಟ್ಟುತ್ತಾ ಹೋದರೆ ಸಾಲ ವರ್ಷಗಟ್ಟಲೆ ಎಳೆಯುತ್ತದೆ ಎಂಬ ಎಚ್ಚರಿಕೆಯನ್ನು ಬಿಲ್ಲಿನಲ್ಲಿಯೇ ಹಾಕಬೇಕೆಂದು ರಿಸರ್ವ್ ಬ್ಯಾಂಕು ಆಜ್ಞೆ ಮಾಡಿದೆ. ಹಾಕಿಯೂ ಇರುತ್ತಾರೆ. ಓದುವವರು ಬೇಕಷ್ಟೆ.

ಇನ್ನು ಸಾಲದ ಚರಿತ್ರೆಯ ವಿಷಯ. ನನ್ನದೇ ಒಂದು ಪೆದ್ದುತನವನ್ನು ಹೇಳುತ್ತೇನೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬ ಮಾರಾಟಗಾರರ ಒತ್ತಾಯಕ್ಕೆ ಒಂದು ಕಾರ್ಡು ತೆಗೆದುಕೊಂಡೆ. ಒಮ್ಮೆಯೂ ಬಳಸಲಿಲ್ಲ. ಊರು ಬದಲಾದಾಗ ಕತ್ತರಿಯಿಂದ ಎರಡು ತುಂಡು ಮಾಡಿ ಕಸದ ಬುಟ್ಟಿಗೆ ಹಾಕಿ, ಪೀಡೆ ತೊಲಗಿತು ಎಂದುಕೊಂಡೆ. ಕಾರ್ಡು ತುಂಡಾಯಿತೇ ಹೊರತು ಖಾತೆ ಮುಚ್ಚಿರಲಿಲ್ಲ. ಐದುನೂರು ರೂಪಾಯಿ ವಾರ್ಷಿಕ ಶುಲ್ಕದ ಬಿಲ್ಲು ಹಳೆಯ ವಿಳಾಸಕ್ಕೆ ಹೋಗುತ್ತಲೇ ಇತ್ತು. ಶುಲ್ಕಕ್ಕೆ ದಂಡ, ದಂಡಕ್ಕೆ ಬಡ್ಡಿ. ವರ್ಷಗಳ ನಂತರ ಮನೆ ಸಾಲಕ್ಕೆ ಅರ್ಜಿ ಹಾಕಿದಾಗ ಮೇಜಿನ ಆ ಕಡೆ ಕುಳಿತಿದ್ದ ಅಧಿಕಾರಿ, ‘ನಿಮ್ಮದೊಂದು ಬಾಕಿ ಇದೆಯಲ್ಲ’ ಎಂದರು. ಎಲ್ಲವನ್ನೂ ಸರಿಪಡಿಸಿಕೊಳ್ಳಲು ನಾಲ್ಕು ತಿಂಗಳು ಹಿಡಿಯಿತು. ಅಷ್ಟರಲ್ಲಿ ನಾವು ನೋಡಿದ್ದ ಮನೆ ಬೇರೆಯವರ ಪಾಲಾಗಿತ್ತು.

ಆ ಅಧಿಕಾರಿಗೆ ಅದು ತಿಳಿದದ್ದು ಹೇಗೆ? ಯಾರು ಸಾಲ ಪಡೆದರು, ಯಾರು ಹೊತ್ತಿಗೆ ಸರಿಯಾಗಿ ತೀರಿಸಿದರು ಎಂಬ ದಾಖಲೆ ಇಡುವ ಸಂಸ್ಥೆಗಳಿವೆ. 2000ದಲ್ಲಿ ಆರಂಭವಾದ ಸಿಬಿಲ್ ಮೊದಲನೆಯದು. ಇವುಗಳಿಗಾಗಿ 2005ರಲ್ಲಿ ಕಾಯಿದೆಯೂ ಬಂತು. 300ರಿಂದ 900ರವರೆಗೆ ಅಂಕ ಕೊಡುತ್ತಾರೆ. ಇದೊಂದು ಪರೀಕ್ಷೆ, ಆದರೆ ನಮಗೆ ಗೊತ್ತಿಲ್ಲದೆಯೇ ನಡೆಯುತ್ತಲೇ ಇರುವಂಥದು. ಮೊಬೈಲಿನಲ್ಲಿ ‘ಈಗ ಕೊಳ್ಳಿ, ಆಮೇಲೆ ಕೊಡಿ’ ಎಂದು ಸಿಗುವ ಸಣ್ಣ ಸಾಲಗಳೂ ಈ ದಾಖಲೆಗೆ ಸೇರಬಹುದು. ನಿಮಗೆ ಶಿಕ್ಷಣ ಸಾಲ ಬೇಕಾದಾಗ ಜೊತೆಯಲ್ಲಿ ಸಹಿ ಹಾಕುವ ತಂದೆಯ ದಾಖಲೆಯನ್ನೂ ತೆಗೆದು ನೋಡುತ್ತಾರೆ. ಹಾಗಾಗಿ ಮನೆಯ ಕಾರ್ಡಿನ ಬಿಲ್ಲು ಯಾವ ತಾರೀಖಿನದು ಎಂದು ನೀವು ವಿಚಾರಿಸಿದರೆ ಅದು ಅಧಿಕಪ್ರಸಂಗವಲ್ಲ. ಪ್ರತಿಯೊಂದು ಸಂಸ್ಥೆಯೂ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು. ತರಿಸಿಕೊಂಡು ಓದಿ. ನೀವು ಪಡೆಯದ ಸಾಲ ಅದರಲ್ಲಿದ್ದರೆ ಬರೆದು ದೂರು ಕೊಡಿ. ಮೂವತ್ತು ದಿನಗಳಲ್ಲಿ ಇತ್ಯರ್ಥವಾಗದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರವೆಂದು ರಿಸರ್ವ್ ಬ್ಯಾಂಕು 2023ರಲ್ಲಿ ಗೊತ್ತುಮಾಡಿತು.

ವಂಚನೆಯ ಬಗ್ಗೆ ನೀವು ಸಾಕಷ್ಟು ಕೇಳಿದ್ದೀರಿ. ಕಾರ್ಡಿನ ಹಿಂದಿನ ಮೂರು ಅಂಕಿಗಳನ್ನಾಗಲೀ ಫೋನಿಗೆ ಬರುವ ಒಟಿಪಿಯನ್ನಾಗಲೀ ಯಾವ ಬ್ಯಾಂಕಿನವರೂ ಕೇಳುವುದಿಲ್ಲ, ಅಷ್ಟೇ. ಕಾರ್ಡು ಕಳೆದರೆ ಕರೆಯಬೇಕಾದ ದೂರವಾಣಿ ಸಂಖ್ಯೆಯನ್ನು ಆ ಕಾರ್ಡಿನ ಬೆನ್ನ ಮೇಲೆಯೇ ಮುದ್ರಿಸಿರುತ್ತಾರೆ. ಕಳೆದ ಮೇಲೆ ಅದನ್ನು ಎಲ್ಲಿ ಓದುವುದು! ಇಂದೇ ಡೈರಿಯಲ್ಲಿ ಬರೆದಿಡಿ. ಹಣ ಹೋದದ್ದು ಗೊತ್ತಾದ ತಕ್ಷಣ ಬ್ಯಾಂಕಿಗೂ, ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೂ ತಿಳಿಸಬೇಕು. ನಾಚಿಕೆಯಿಂದ ಒಂದು ದಿನ ಸುಮ್ಮನಿದ್ದರೆ ಹಣವನ್ನು ತಡೆಹಿಡಿಯುವ ಅವಕಾಶ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ.

ಕಾರ್ಡು ಬೇಡವಾದಾಗ, ನನ್ನಂತೆ ಕತ್ತರಿ ಹುಡುಕಬೇಡಿ. ಬಾಕಿ ತೀರಿಸಿ, ಖಾತೆ ಮುಚ್ಚುವಂತೆ ಬರವಣಿಗೆಯಲ್ಲಿ ಕೇಳಿ. 2022ರ ನಿಯಮದಂತೆ ಏಳು ಕೆಲಸದ ದಿನಗಳೊಳಗೆ ಮುಚ್ಚಬೇಕು, ತಪ್ಪಿದರೆ ಬ್ಯಾಂಕೇ ನಿಮಗೆ ದಿನಕ್ಕೆ 500 ರೂಪಾಯಿ ತೆರಬೇಕು. ಮುಚ್ಚಿದೆ ಎಂಬ ಉತ್ತರ ಬಂದಾಗ ಅದನ್ನು ಅಂಕಪಟ್ಟಿಗಳ ಜೊತೆಯಲ್ಲಿಯೇ ಇಟ್ಟುಕೊಳ್ಳಿ.